ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಸವಳಂಗ ರಸ್ತೆಯ ವೃಕ್ಷಬಂಧನ ಶಾಸ್ತ್ರ ಕುರಿತ ಗಂಭೀರ ವಿಚಾರ

ಕನ್ನಡದ ಗಾದೆಗಳಲ್ಲಿ ಬಹುಪಾಲು ತೀರ್ಪು ಕೊಟ್ಟು ಎದ್ದುಹೋಗುತ್ತವೆ. ಕೆಲವು ಮಾತ್ರ ಪ್ರಶ್ನೆ ಕೇಳಿ ಜಗುಲಿಯಲ್ಲೇ ಕೂತುಬಿಡುತ್ತವೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬುದು ಆ ಎರಡನೆಯ ಜಾತಿಯದು. ಅಜ್ಜಂದಿರು, ಮೇಷ್ಟ್ರುಗಳು, ಸೊಸೆಯ ಮೇಲೆ ದೂರಿರುವ ಅತ್ತೆಯರು, ಅಳಿಯನ ಮೇಲೆ ದೂರಿರುವ ಮಾವಂದಿರು ಎಲ್ಲರೂ ಇದನ್ನು ಕೇಳಿದ್ದಾರೆ. ಉತ್ತರವನ್ನು ಯಾರೂ ಬರೆದಿಟ್ಟಿಲ್ಲ. ಕೇಳುವ ದನಿಯಲ್ಲೇ ‘ಇಲ್ಲ’ ಎಂಬುದು ಇದೆಯಲ್ಲ ಎಂದು ಸಮಾಜ ಸುಮ್ಮನಾಗಿದೆ. ಪುರಾವೆ ಕೇಳದೆ ಪ್ರಮೇಯ ಒಪ್ಪಿಕೊಳ್ಳುವ ಈ ಚಾಳಿಯನ್ನು ತಿದ್ದುವುದು ಪ್ರಸ್ತುತ ಪ್ರಬಂಧದ ಮೊದಲ ಉದ್ದೇಶ. ಎರಡನೆಯ ಉದ್ದೇಶವೊಂದಿದೆ, ಅದು ದಾರಿಯಲ್ಲಿ ಸಿಕ್ಕಿದ್ದು, ಸಿಕ್ಕಿದ ಜಾಗದಲ್ಲೇ ಹೇಳಲಾಗುವುದು.

ಕ್ಷೇತ್ರಕಾರ್ಯಕ್ಕೆ ಆಯ್ದುಕೊಂಡದ್ದು ಶಿವಮೊಗ್ಗದ ಸವಳಂಗ ರಸ್ತೆ. ಊರೊಳಗಿನಿಂದ ಹೊರಟು, ತಾಳಗುಪ್ಪದ ರೈಲು ಹಳಿ ದಾಟಿ, ನವುಲೆಯಲ್ಲಿ 1980ರ ಜೆ.ಎನ್.ಎನ್. ಎಂಜಿನಿಯರಿಂಗ್ ಕಾಲೇಜನ್ನೂ 2012ರಲ್ಲಿ ಹುಟ್ಟಿ ಈಗ ಕೆಳದಿ ಶಿವಪ್ಪ ನಾಯಕರ ಹೆಸರು ಹೊತ್ತಿರುವ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಆವರಣವನ್ನೂ ಹಾದು, ಅಬ್ಬಲಗೆರೆಯ ಮೇಲೆ ಸವಳಂಗಕ್ಕೆ, ಅಲ್ಲಿಂದ ಶಿಕಾರಿಪುರದ ಕಡೆಗೆ ಹೋಗುವ ರಸ್ತೆಯಿದು. ಲೋಹ ಬಗ್ಗಿಸುವುದನ್ನು ಕಲಿಸುವವರೂ ಗಿಡ ಬೆಳೆಸುವುದನ್ನು ಕಲಿಸುವವರೂ ಒಂದೇ ರಸ್ತೆಯಲ್ಲಿರುವುದು ಅಪರೂಪ. ಗಾದೆಯನ್ನು ಮಕ್ಕಳಿಗೆ ಅನ್ವಯಿಸುವ ಹಳೆಯ ಪದ್ಧತಿಯನ್ನು ಮಾತ್ರ ಇಲ್ಲಿ ಕೈಬಿಡಲಾಗಿದೆ. ಊರಿನ ಟ್ಯೂಷನ್ ಕ್ಲಾಸುಗಳ ಬೋರ್ಡುಗಳನ್ನು ಓದಿದ ಮೇಲೆ ಸಂಶೋಧಕರಿಗೆ ನಿಷ್ಪಕ್ಷಪಾತವಾಗಿರುವುದು ಕಷ್ಟವಾಯಿತು.

ಈ ರಸ್ತೆಯಲ್ಲಿ ಮರ ಬಗ್ಗಿಸುವ ಎರಡು ಪಂಥಗಳಿವೆ ಎಂಬುದು ಪ್ರಬಂಧದ ಮುಖ್ಯ ಶೋಧ. ಒಂದು ತಾರಸಿ ಪಂಥ: ಮನೆಯ ಮೇಲೆ, ತಟ್ಟೆಯಂಥ ಕುಂಡದಲ್ಲಿ, ಮೊಳದುದ್ದದ ಆಲಕ್ಕೆ ತಂತಿ ಸುತ್ತಿ ಕೂರುವವರದು. ಇನ್ನೊಂದು ಬೀದಿ ಪಂಥ: ಅದೇ ಮನೆಯ ಎದುರು, ಕಂಬದಷ್ಟೆತ್ತರದ ಮರಕ್ಕೆ ತಂತಿ ಸುತ್ತಿ ಹೊರಟುಹೋಗುವವರದು. ಮೊದಲನೆಯದನ್ನು ಜನ ಬೊನ್ಸಾಯ್ ಎನ್ನುತ್ತಾರೆ. ಎರಡನೆಯದನ್ನು ಯಾರೂ ಕಲೆಯೆಂದು ಗುರುತಿಸಿಲ್ಲ. ಆ ಅನ್ಯಾಯ ಇಲ್ಲಿ ಸರಿಹೋಗಲಿದೆ.

ಯಾವ ಶಾಸ್ತ್ರಕ್ಕೂ ಪ್ರಾಚೀನತೆ ಬೇಕು, ಇಲ್ಲದಿದ್ದರೆ ಸಂಪಾದಿಸಿಕೊಳ್ಳಬೇಕು. ತಟ್ಟೆಯಲ್ಲಿ ಮರ ಬೆಳೆಸುವ ಕಲೆ ಚೀನಾದಲ್ಲಿ ಹುಟ್ಟಿತು, 706ರಲ್ಲಿ ಕಟ್ಟಿದ ರಾಜಕುಮಾರ ಝಾಂಗ್‌ಹುವಾಯಿಯ ಸಮಾಧಿಯ ಭಿತ್ತಿಚಿತ್ರದಲ್ಲಿ ಸೇವಕರು ಅಂಥ ತಟ್ಟೆ ಹಿಡಿದು ನಿಂತಿದ್ದಾರೆ, ಮುಂದೆ ಜಪಾನ್ ಅದನ್ನು ಕಲಿತು ಬೆಳೆಸಿತು ಎಂಬುದು ಎಲ್ಲರೂ ಒಪ್ಪುವ ಮಾತು. ಪ್ರಸ್ತುತ ಪ್ರಬಂಧಕ್ಕೆ ಇದು ರುಚಿಸುವುದಿಲ್ಲ. ಕಾರಣ ಇಷ್ಟೇ: ಇದರಲ್ಲಿ ಶಿವಮೊಗ್ಗ ಬರುವುದಿಲ್ಲ.

ಶಿವಮೊಗ್ಗ ಬರುವ ಹಾಗೆ ಇತಿಹಾಸ ಬರೆಯುವುದು ಕಷ್ಟವೇನಲ್ಲ. ಸವಳಂಗ ರಸ್ತೆಯಲ್ಲೇ ಮುಂದೆ ಹೋದರೆ ಶಿಕಾರಿಪುರ ತಾಲ್ಲೂಕು, ಅಲ್ಲಿ ತಾಳಗುಂದ. ಪ್ರಣವೇಶ್ವರ ದೇಗುಲದ ಮುಂದಿನ ಸ್ತಂಭದ ಮೇಲೆ ಐದನೆಯ ಶತಮಾನದ, ಕದಂಬ ಶಾಂತಿವರ್ಮನ ಕಾಲದ ಸಂಸ್ಕೃತ ಶಾಸನವಿದೆ. ಮನೆಯ ಬಳಿ ಬೆಳೆದ ಒಂದು ಕದಂಬ ಮರವನ್ನು ಆರೈಕೆ ಮಾಡಿದ ಮನೆತನಕ್ಕೆ ಆ ಮರದ ಹೆಸರೇ ಬಂತು ಎಂದು ಅದು ಹೇಳುತ್ತದೆ. ಶಾಸನದ ಕವಿಯ ಹೆಸರು ಕುಬ್ಜ. ಮನೆ ಇದೆ, ಮನೆಯ ಬಳಿ ಮರ ಇದೆ, ಆರೈಕೆ ಇದೆ, ಸಾಕ್ಷಿಗೆ ಕುಬ್ಜನೂ ಇದ್ದಾನೆ. ಕುಬ್ಜವೃಕ್ಷ ಕಲೆ ಬನವಾಸಿ ಸೀಮೆಯಲ್ಲೇ ಹುಟ್ಟಿತೆಂದು ಸಾಧಿಸಲು ಇನ್ನು ತಂತಿಯೊಂದೇ ಬಾಕಿ. ಶಾಸನದಲ್ಲಿ ತಂತಿಯ ಉಲ್ಲೇಖವೇ ಇಲ್ಲವಲ್ಲ ಎಂದು ಆಕ್ಷೇಪಿಸುವವರಿಗೆ ಉತ್ತರ ಸಿದ್ಧವಿದೆ: ಒಳ್ಳೆಯ ಕೆಲಸಗಾರನ ತಂತಿ ನೋಡುವವರಿಗೆ ಕಾಣಿಸಬಾರದು. ಅಲ್ಲದೆ ಜಪಾನಿನಲ್ಲೂ ಮೊದಲಿದ್ದದ್ದು ನಾರಿನ ಹುರಿ, ಬಿದಿರ ಕಡ್ಡಿಗಳೇ. ತಾಮ್ರದ ತಂತಿ ಸುತ್ತುವ ರೂಢಿ ಹರಡಿದ್ದು ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ. ಆದ್ದರಿಂದ ಶಾಸನದಲ್ಲಿ ತಂತಿ ಇಲ್ಲದಿರುವುದೇ ಅದರ ಸಾಚಾತನಕ್ಕೆ ಆಧಾರ. ಇಂಥ ತರ್ಕದಿಂದ ಈ ನಾಡಿನಲ್ಲಿ ಇದಕ್ಕಿಂತ ದೊಡ್ಡ ಸಂಗತಿಗಳನ್ನು ಸಾಧಿಸಿದವರಿದ್ದಾರೆ.

ವಾಮನನಿಂದ ಆರಂಭಿಸುವ ಇನ್ನೊಂದು ವಾದವಿದೆ. ಬೊನ್ಸಾಯ್‌ಗೆ ವಾಮನವೃಕ್ಷ ಎಂಬ ಹೆಸರು ಚಲಾವಣೆಯಲ್ಲಿರುವುದೇ ಅದಕ್ಕೆ ಆಧಾರ. ಆದರೆ ಬಾದಾಮಿಯ ಮೂರನೆಯ ಗುಹೆಯಲ್ಲಿ 578ರಲ್ಲೇ ತೋರಿಸಿರುವಂತೆ, ವಾಮನನ ವಿಶೇಷವೆಂದರೆ ಅವನು ವಾಮನನಾಗಿ ಉಳಿಯಲಿಲ್ಲ. ತಾರಸಿಯ ಅರಳಿಯೂ ಅದೇ ದಾರಿ ಹಿಡಿದರೆ ಮೊದಲ ಹೆಜ್ಜೆಗೆ ಕುಂಡ, ಎರಡನೆಯದಕ್ಕೆ ನೀರಿನ ಟ್ಯಾಂಕು, ಮೂರನೆಯದಕ್ಕೆ ಪಕ್ಕದ ಮನೆಯವರ ತಲೆ. ಹಾಗಾಗಿ ಈ ವಾದವನ್ನು ನೆರೆಹೊರೆಯ ಹಿತದೃಷ್ಟಿಯಿಂದ ತಿರಸ್ಕರಿಸಲಾಗಿದೆ.

ಇನ್ನು ತಾರಸಿ ಪಂಥ. ಜಪಾನಿನವರು ಬೆಟ್ಟದಿಂದ ಕಿತ್ತು ತಂದ ಮುದಿ ಗಿಡವನ್ನು ಯಮದೋರಿ ಎಂದು ಕರೆದು ತುಂಬ ಬೆಲೆ ಕೊಡುತ್ತಾರೆ. ಶಿವಮೊಗ್ಗದಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಹಕ್ಕಿ ತಿಂದು ಹಿಕ್ಕೆಯಲ್ಲಿ ಬಿಟ್ಟ ಬೀಜ ಹಳೆಯ ಮನೆಯ ಪ್ಯಾರಾಪೆಟ್ಟಿನಲ್ಲಿ, ಡ್ರೈನೇಜ್ ಪೈಪಿನ ಪಕ್ಕದಲ್ಲಿ ಮೊಳೆತು, ಮಣ್ಣಿಲ್ಲದೆ ವರ್ಷಗಟ್ಟಲೆ ಬದುಕಿ, ಬೇರು ದಪ್ಪವಾಗಿ, ಎಲೆ ಚಿಕ್ಕದಾಗಿ, ತಾನಾಗಿಯೇ ಅರ್ಧ ಬೊನ್ಸಾಯ್ ಆಗಿರುತ್ತದೆ. ಅರಳಿ, ಆಲ, ಅತ್ತಿ, ಗೋಣಿ ಎಲ್ಲವೂ ಹೀಗೆ ಸಿಗುತ್ತವೆ. ಇದನ್ನು ‘ಗೋಡೆದೋರಿ’ ಎಂದು ಕರೆಯಬೇಕೆಂದು ಪ್ರಬಂಧ ಪ್ರಸ್ತಾಪಿಸುತ್ತದೆ. ಮನೆಯ ಯಜಮಾನ ಬಿರುಕಿನ ಭಯಕ್ಕೆ ಆಸಿಡ್ ಬಾಟಲಿ ತರುವ ಮೊದಲು ಹೋಗಿ ಕೇಳಿದರೆ ಬೇಡವೆನ್ನುವುದಿಲ್ಲ. ಸಾಲುಮರದ ತಿಮ್ಮಕ್ಕ ಹುಲಿಕಲ್ಲಿಗೂ ಕುದೂರಿಗೂ ನಡುವೆ ನೆಟ್ಟ 385 ಆಲಗಳೂ, ಕೇತೋಹಳ್ಳಿಯಲ್ಲಿ ಎಕರೆಗಟ್ಟಲೆ ಹಬ್ಬಿದ ದೊಡ್ಡ ಆಲದ ಮರವೂ, ಈ ಪೈಪಿನ ಪಕ್ಕದ ಆಲವೂ ಒಂದೇ ಜಾತಿ. ತಳಿ ಕುಬ್ಜವಲ್ಲ, ಜಾಗ ಕುಬ್ಜ. ಬೀಜದಲ್ಲೇ ಏನೋ ಮದ್ದು ಮಾಡಿರುತ್ತಾರೆ ಎಂದು ಇವತ್ತಿಗೂ ಫಲಪುಷ್ಪ ಪ್ರದರ್ಶನಕ್ಕೆ ಬಂದವರು ಪಿಸುಗುಡುವುದುಂಟು. ಮದ್ದಿಲ್ಲ. ಕತ್ತರಿ ಇದೆ, ತಂತಿ ಇದೆ, ಎರಡು ಮೂರು ವರ್ಷಕ್ಕೊಮ್ಮೆ ಬೇರು ಸವರಿ ಹೊಸ ಮಣ್ಣು ಹಾಕುವುದಿದೆ.

ತಂತಿಯ ಪ್ರಕರಣ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾದ್ದು. ಗ್ರಂಥಗಳು ಹದಮಾಡಿದ ತಾಮ್ರ ಅಥವಾ ಬಣ್ಣ ಹಾಯಿಸಿದ ಅಲ್ಯೂಮಿನಿಯಂ ತಂತಿಯನ್ನು ವಿಧಿಸುತ್ತವೆ. ತಾಮ್ರವನ್ನು ಕೆಂಪಗೆ ಕಾಯಿಸಿ ಆರಿಸಿದರೆ ಮೆತ್ತಗಾಗುತ್ತದೆ. ಕೊಂಬೆಗೆ ಸುತ್ತಿ ಬಗ್ಗಿಸುವಾಗ ಆ ಬಗ್ಗುವಿಕೆಯಿಂದಲೇ ಗಟ್ಟಿಯಾಗಿ ಕೊಂಬೆಯನ್ನು ಹಿಡಿದುಕೊಳ್ಳುತ್ತದೆ. ತಾರಸಿಯವರು ಸಿಕ್ಕಿದ್ದನ್ನು ಬಳಸುತ್ತಾರೆ: ಮೋಟರ್ ವೈಂಡಿಂಗ್ ಅಂಗಡಿಯ ತಾಮ್ರ, ಹಳೆಯ ಸರ್ವಿಸ್ ವೈರಿನ ಸಿಪ್ಪೆ ಸುಲಿದ ಅಲ್ಯೂಮಿನಿಯಂ, ಏನೂ ಇಲ್ಲದಿದ್ದರೆ ಮನೆ ಕಟ್ಟುವಾಗ ಉಳಿದ ಬೈಂಡಿಂಗ್ ವೈರು. ಬೈಂಡಿಂಗ್ ವೈರನ್ನು ಪ್ರಬಂಧ ಶಿಫಾರಸು ಮಾಡುವುದಿಲ್ಲ. ಅದು ಸಣ್ಣ, ಬಿಗಿ, ತುಕ್ಕು ಹಿಡಿಯುವಂಥದ್ದು. ಕೊಂಬೆಯನ್ನು ಹಿಡಿಯುವುದಕ್ಕಿಂತ ಕೊಯ್ಯುವುದೇ ಹೆಚ್ಚು.

ಕಬ್ಬಿಣದ ಮಾತು ಬಂದದ್ದರಿಂದ ಇಲ್ಲಿ ಭದ್ರಾವತಿಯನ್ನು ನೆನೆಯದೆ ಮುಂದೆ ಹೋದರೆ ಜಿಲ್ಲಾದ್ರೋಹವಾಗುತ್ತದೆ. 1918ರಲ್ಲಿ ಮೈಸೂರು ಸಂಸ್ಥಾನ ಕೈಗೆತ್ತಿಕೊಂಡು 1923ರಲ್ಲಿ ಉತ್ಪಾದನೆ ಶುರುವಾದ, ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ನಡೆಸಿದ ಕಬ್ಬಿಣದ ಕಾರ್ಖಾನೆಗೆ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಅದನ್ನು ಕರಗಿಸಲು ಕಲ್ಲಿದ್ದಲು ಹತ್ತಿರದಲ್ಲಿರಲಿಲ್ಲ, ಮಲೆನಾಡಿನ ಕಾಡಿತ್ತು. ಮರವನ್ನು ಇದ್ದಿಲು ಮಾಡಿ ಕುಲುಮೆ ಉರಿಸಿದರು; ಇದ್ದಿಲಿನ ಜೊತೆಗೆ ಮರದ ಆಲ್ಕೋಹಾಲು, ಡಾಂಬರುಗಳನ್ನೂ ಭಟ್ಟಿ ಇಳಿಸಿದರು. ವಿದ್ಯುತ್ ಕುಲುಮೆ ಬಂದದ್ದು ಆಮೇಲೆ, ಜೋಗದ ಕರೆಂಟು ಹರಿದ ನಂತರ. ಅಂದರೆ ಮಲೆನಾಡಿನಲ್ಲಿ ಮರಕ್ಕೂ ಕಬ್ಬಿಣಕ್ಕೂ ಇರುವುದು ಹಳೆಯ ಸಂಬಂಧ. ಮೊದಲು ಮರ ಬೂದಿಯಾಗಿ ಕಬ್ಬಿಣ ಮಾಡಿಕೊಟ್ಟಿತು. ಆಮೇಲೆ ಕಬ್ಬಿಣ ತಂತಿಯಾಗಿ, ಮೊಳೆಯಾಗಿ, ಟ್ರೀ ಗಾರ್ಡ್ ಆಗಿ ಮರದ ಬಳಿಗೆ ಮರಳಿತು. ಇದನ್ನು ಋಣಸಂದಾಯ ಎನ್ನಬೇಕೋ ಹಗೆ ಎನ್ನಬೇಕೋ ಎಂಬಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ವಿದ್ವಾಂಸರು ಒಬ್ಬರೇ ಇದ್ದರೂ ಇದೆ.

ಸುತ್ತುವ ವಿಧಿ ಹೀಗೆ. ತಂತಿಯ ದಪ್ಪ ಕೊಂಬೆಯ ದಪ್ಪದ ಮೂರರಲ್ಲೊಂದು ಪಾಲಿರಬೇಕು. ಬುಡಕ್ಕೆ ಆಧಾರ ಕೊಡಬೇಕು. ಒಂದೇ ತಂತಿಯಲ್ಲಿ ಎರಡು ಕೊಂಬೆ ಹಿಡಿದರೆ ಒಂದಕ್ಕೊಂದು ಆಧಾರವಾಗುತ್ತವೆ. ಸುರುಳಿ 45 ಡಿಗ್ರಿ ಓರೆಯಲ್ಲಿ ಏರಬೇಕು. ಒತ್ತಾಗಿ ಸುತ್ತಿದರೆ ಶಕ್ತಿಯಿಲ್ಲ, ಎಳೆದು ಸುತ್ತಿದರೆ ಹಿಡಿತವಿಲ್ಲ. ಕಾಂಡ ಮೊದಲು, ದೊಡ್ಡ ಕೊಂಬೆ ಆಮೇಲೆ, ಕಿರುಕೊಂಬೆ ಕೊನೆಗೆ. ತಂತಿಯ ಮೇಲೆ ತಂತಿ ಹಾಯಬಾರದು. ಬಗ್ಗಿಸುವ ತಿರುವಿನ ಹೊರಮೈಯಲ್ಲಿ ತಂತಿ ಬರುವ ಹಾಗೆ ನೋಡಿಕೊಳ್ಳಬೇಕು, ಏಕೆಂದರೆ ಬಿರಿಯುವುದು ಹೊರಮೈ. ಆ ದಿನ ಬೆಳಿಗ್ಗೆ ನೀರು ಹಾಕಬಾರದು. ನೀರುಂಡು ಬಿಗಿದ ಕೊಂಬೆ ಬೇಗ ಮುರಿಯುತ್ತದೆ. ದಪ್ಪ ಕೊಂಬೆಯಾದರೆ ಮೊದಲು ನೆನೆಸಿದ ನಾರು ಬಿಗಿಯಾಗಿ ಸುತ್ತಬೇಕು. ಜಪಾನಿಗಳಿಗೆ ರಾಫಿಯಾ ಇದೆ, ಮಲೆನಾಡಿಗರ ಹಿತ್ತಲಲ್ಲಿ ಬಾಳೆನಾರಿದೆ. ಆಮೇಲೆ ಎರಡು ಹೆಬ್ಬೆರಳು ಒತ್ತಿ ನಿಧಾನವಾಗಿ ಬಗ್ಗಿಸುತ್ತ ಕಿವಿಗೊಡಬೇಕು. ‘ಚಿಟ್’ ಎಂದರೆ ನಿಲ್ಲಿಸಬೇಕು. ‘ಚಟಾರ್’ ಎಂದರೆ ನಿಲ್ಲಿಸಿ ಪ್ರಯೋಜನವಿಲ್ಲ.

ಬಗ್ಗಿದ ಕೊಂಬೆ ಬಗ್ಗಿಯೇ ಉಳಿಯುವುದು ಯಾಕೆ? ಗಾದೆಯ ಗಂಟು ಬಿಚ್ಚುವುದು ಇಲ್ಲಿಯೇ. ಬಗ್ಗಿಸಿದಾಗ ಒಳಬಾಗಿನ ಎಳೆಗಳು ಒತ್ತಿಕೊಳ್ಳುತ್ತವೆ, ಹೊರಬಾಗಿನವು ಹಿಗ್ಗಿ ಅಲ್ಲಲ್ಲಿ ಕಣ್ಣಿಗೆ ಕಾಣದಷ್ಟು ಬಿರಿಯುತ್ತವೆ. ಈ ಹಳೆಯ ಮರ ಎಂದೂ ರಾಜಿಯಾಗುವುದಿಲ್ಲ. ಆ ಗಳಿಗೆಯಲ್ಲೇ ತಂತಿ ಬಿಚ್ಚಿದರೆ ಹಿಂದಕ್ಕೆ ಚಿಮ್ಮುತ್ತದೆ. ಆದರೆ ತೊಗಟೆಯ ಅಡಿಯಲ್ಲಿ ಕ್ಯಾಂಬಿಯಂ ಎಂಬ ತೆಳುಪದರವಿದೆ. ಒಳಗೆ ಮರವನ್ನೂ ಹೊರಗೆ ತೊಗಟೆಯನ್ನೂ ಕಟ್ಟುತ್ತ ಹೋಗುವುದು ಅದರ ಕೆಲಸ. ತಂತಿ ಹಿಡಿದಿಟ್ಟ ಭಂಗಿಯಲ್ಲೇ ಅದು ಹೊಸ ಮರವನ್ನು ಕಟ್ಟುತ್ತದೆ, ಬಿರುಕನ್ನು ಮುಚ್ಚುತ್ತದೆ. ಬಾಗಿದ ಕೊಂಬೆಗೆ ಆನಿಕೆ ಬೇಕೆಂದು ಪೈನ್, ಜುನಿಪರ್‌ನಂಥವು ಕೆಳಮಗ್ಗುಲಲ್ಲಿ ವಿಶೇಷ ಮರ ಬೆಳೆಸುತ್ತವೆ. ಅಗಲ ಎಲೆಯ ಮರಗಳಲ್ಲಿ ಬಹುಪಾಲು ಅದನ್ನು ಮೇಲ್ಮಗ್ಗುಲಲ್ಲಿ ಬೆಳೆಸುತ್ತವೆ. ಹಳೆಯದು ಸೋಲುವುದಿಲ್ಲ, ಹೊಸದು ಅದನ್ನು ಸುತ್ತುವರಿದು ಕೂರಿಸುತ್ತದೆ. ನೂರು ವರ್ಷದ ಮರದಲ್ಲೂ ಆ ಪದರದ ವಯಸ್ಸು ಈ ವರ್ಷದ್ದೇ. ಮರ ಎಷ್ಟೇ ಮುದಿಯಾದರೂ ತೊಗಟೆಯ ಕೆಳಗೆ ಗಿಡವಾಗಿಯೇ ಇರುತ್ತದೆ. ಆದ್ದರಿಂದ ಗಾದೆಯಲ್ಲಿ ಗಿಡ, ಮರ ಎಂದು ಮಾಡಿರುವ ವಿಭಾಗವೇ ಸಸ್ಯಶಾಸ್ತ್ರದ ಪ್ರಕಾರ ನಿಲ್ಲುವುದಿಲ್ಲ. ಬಗ್ಗೀತು, ಹಿಡಿದಿಡುವವರು ಬೇಕು. ಮೊದಲ ಉದ್ದೇಶ ಇಲ್ಲಿಗೆ ಈಡೇರಿತು.

ಈ ಸಿದ್ಧಾಂತಕ್ಕೆ ಎರಡು ಪೂರ್ವಪಕ್ಷಗಳಿವೆ. ಒಂದು ಪಕ್ಕದ ಮನೆಯದು. ‘ರೀ, ಆ ಗಿಡಕ್ಕೆ ಯಾಕೆ ಹಿಂಸೆ ಕೊಡ್ತೀರಿ, ಪಾಪ ತಟ್ಟುತ್ತೆ; ವಾಸ್ತು ಪ್ರಕಾರ ಬೊನ್ಸಾಯ್ ಇಟ್ಟ ಮನೆ ಏಳಿಗೆ ಆಗಲ್ಲವಂತೆ’ ಎಂದು ಕಾಂಪೌಂಡಿನಾಚೆಯಿಂದ ಬರುವ ವಾದ. ಏಳಿಗೆಯ ವಿಷಯ ವಾಸ್ತು ಪಂಡಿತರಿಗೆ ಬಿಡೋಣ. ಹಿಂಸೆಯ ವಿಷಯದಲ್ಲಿ ಕಡತ ಬೇರೆಯೇ ಹೇಳುತ್ತದೆ. ಹಿರೋಶಿಮಾದ ಯಮಾಕಿ ಮನೆತನದ ಬಿಳಿಪೈನ್ 1625ರಿಂದ ಕುಂಡದಲ್ಲಿದೆ. 1945ರಲ್ಲಿ ಬಾಂಬು ಬಿದ್ದ ಊರಿನಲ್ಲೇ ಇದ್ದು ಉಳಿಯಿತು. 1976ರಲ್ಲಿ ಅಮೆರಿಕಕ್ಕೆ ಉಡುಗೊರೆಯಾಗಿ ಹೋಗಿ ವಾಷಿಂಗ್ಟನ್‌ನ ರಾಷ್ಟ್ರೀಯ ವೃಕ್ಷೋದ್ಯಾನದಲ್ಲಿ ಈಗಲೂ ಹಸಿರಾಗಿದೆ. ಹಿಂಸೆಯಿಂದ ಇಷ್ಟು ಆಯುಸ್ಸು ಬರುವುದಾದರೆ ಕೇಳಿ ಪಡೆಯುವವರಿದ್ದಾರೆ. ನಿಜವಾಗಿ ಕಟ್ಟುಬೀಳುವುದು ಗಿಡ ಸಾಕಿದವರು. ಏಪ್ರಿಲ್ ತಿಂಗಳಲ್ಲಿ ತೀರ್ಥಹಳ್ಳಿಯ ಮದುವೆಗೆ ಎರಡು ದಿನ ಹೋಗುವಂತಿಲ್ಲ, ತಟ್ಟೆಯ ಮಣ್ಣು ಮಧ್ಯಾಹ್ನಕ್ಕೇ ಒಣಗುತ್ತದೆ.

ಎರಡನೆಯ ಪೂರ್ವಪಕ್ಷ ಗಟ್ಟಿಯಾದದ್ದು: ಅಡಿಕೆ. ಜಿಲ್ಲೆಯ ಅನ್ನದಾತನಾದ ಈ ಮರ ಬೊನ್ಸಾಯ್ ಶಾಸ್ತ್ರವನ್ನು ಪೂರ್ತಿ ಧಿಕ್ಕರಿಸುತ್ತದೆ. ಅದಕ್ಕೆ ಕೊಂಬೆಯಿಲ್ಲ, ಕ್ಯಾಂಬಿಯಂ ಇಲ್ಲ, ಇರುವುದು ನೆತ್ತಿಯಲ್ಲಿ ಒಂದೇ ಸುಳಿ. ಸುಳಿ ಕತ್ತರಿಸಿದರೆ ಮರ ಸಾಯುತ್ತದೆ. ತಂತಿ ಸುತ್ತಿದರೆ ತಂತಿಗೆ ಅವಮಾನ. ಆದರೆ ಬಗ್ಗುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಅಡಿಕೆ ಕೊನೆ ಕೊಯ್ಯುವ ನುರಿತ ಕೊನೆಗೌಡ ಒಂದು ಮರದ ತುದಿಯಲ್ಲಿ ಕೂತು, ಮೈಭಾರದಿಂದಲೇ ಅದನ್ನು ತೂಗಿ, ಪಕ್ಕದ ಮರ ಹಿಡಿದು ದಾಟಿಕೊಳ್ಳುತ್ತಿದ್ದ. ನೆಲಕ್ಕಿಳಿಯದೆ ಸಾಲು ಮುಗಿಸುತ್ತಿದ್ದ. ಬಿಟ್ಟ ಮರ ಏನೂ ಆಗಿಲ್ಲವೆಂಬಂತೆ ನೆಟ್ಟಗೆ ನಿಲ್ಲುತ್ತಿತ್ತು. ಈಗ ಕೊನೆಗೌಡರು ಕಡಿಮೆಯಾಗಿ, ಕಾರ್ಬನ್ ಫೈಬರ್ ದೋಟಿ ಬಂದು, ಅಡಿಕೆಗೆ ಬಗ್ಗುವ ಕೆಲಸವೂ ತಪ್ಪಿದೆ. ಗಾದೆ ಮಾಡಿದವರು ಅಡಿಕೆ ತೋಟದ ಕಡೆಯವರಾಗಿರಲಾರರು ಎಂಬುದು ಪ್ರಬಂಧದ ಅನುಮಾನ.

ತಂತಿಯೇ ಇಲ್ಲದೆ ರೂಪ ಕೊಡುವ ಇನ್ನೊಂದು ಸಂಪ್ರದಾಯವೂ ಅದೇ ತೋಟಗಳ ಮೇಲ್ಭಾಗದಲ್ಲಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಸೊಪ್ಪಿನಬೆಟ್ಟಗಳಲ್ಲಿ ಗೊಬ್ಬರದ ಸೊಪ್ಪಿಗಾಗಿ ವರ್ಷವರ್ಷ ಸವರಿ ಸವರಿ, ಮೈತುಂಬ ಗಂಟು ಹೊತ್ತು ನಿಂತ ಮರಗಳಿವೆ. ದಕ್ಷಿಣ ಚೀನಾದ ಲಿಂಗ್ನಾನ್ ಪಂಥದವರು ಕತ್ತರಿಸಿ, ಬೆಳೆಯಬಿಟ್ಟು, ಮತ್ತೆ ಕತ್ತರಿಸಿ ಕೊಂಬೆಗೆ ತಿರುವು ತರುವುದೂ ಹೀಗೆಯೇ. ಅವರ ಮರಗಳು ಪ್ರದರ್ಶನಕ್ಕೆ ಹೋಗುತ್ತವೆ, ನಮ್ಮವು ಕೊಟ್ಟಿಗೆಗೆ ಹೋಗುತ್ತವೆ.

ಈಗ ಕೆಳಗಿಳಿದು ಬೀದಿಗೆ ಬರೋಣ.

ಬೀದಿ ಪಂಥದ ವಾರ್ಷಿಕೋತ್ಸವ ಮಳೆಗಾಲಕ್ಕೆ ಮುಂಚೆ. ‘ವಿದ್ಯುತ್ ವ್ಯತ್ಯಯ’ ಎಂಬ ತಲೆಬರಹದಲ್ಲಿ ಪತ್ರಿಕೆಯ ಒಳಪುಟದಲ್ಲಿ ಆಹ್ವಾನಪತ್ರಿಕೆ ಅಚ್ಚಾಗುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಾರ್ಯಕ್ರಮ, ಫ್ಯಾನಿಲ್ಲದೆ ಕೂತ ನಾಗರಿಕರೇ ಪ್ರೇಕ್ಷಕರು. ಏಣಿ, ಮಚ್ಚು, ಗರಗಸ ಹಿಡಿದ ಕಲಾವಿದರು ಬಂದು ಒಂದೊಂದು ಮರಕ್ಕೆ ಕೆಲವೇ ನಿಮಿಷ ಕೊಡುತ್ತಾರೆ. ತಾರಸಿಯವರು ಒಂದು ಕೊಂಬೆಯ ಮುಂದೆ ಒಂದು ಭಾನುವಾರ ಕಳೆಯುವುದನ್ನು ನೋಡಿದವರಿಗೆ ಈ ಪ್ರಾವೀಣ್ಯ ಬೆರಗು ಹುಟ್ಟಿಸುತ್ತದೆ.

ಜಪಾನಿನಲ್ಲಿ ನೆಟ್ಟನೆಯ, ಓರೆಯ, ಜಲಪಾತದಂತೆ ಇಳಿಬಿದ್ದ, ಗಾಳಿಗೆ ಒಂದೇ ಕಡೆ ಬಾಗಿದ ಎಂದೆಲ್ಲ ಶೈಲಿಗಳಿವೆ. ಬೀದಿಯಲ್ಲಿಯೂ ಇವೆ, ಹೆಸರಿಟ್ಟವರಿರಲಿಲ್ಲ. 11 ಕೆ.ವಿ. ಲೈನು ಹಾಯಲೆಂದು ನಡುವಿನ ಕೊಂಬೆಗಳನ್ನೆಲ್ಲ ತೆಗೆದು ಎರಡು ಕವಲು ಉಳಿಸಿದ್ದು ಕವಣೆ ಶೈಲಿ. ರಸ್ತೆಯ ಕಡೆ ಹಸಿರು, ಕಂಬದ ಕಡೆ ಬೋಳು ಇರುವುದು ಅರ್ಧನಾರೀಶ್ವರ ಶೈಲಿ. ನೆತ್ತಿಯನ್ನೇ ಹಾರಿಸಿ ಕಾಂಡ ಮಾತ್ರ ಬಿಟ್ಟದ್ದು ಗರುಡಗಂಬ ಶೈಲಿ. ಇದರಲ್ಲಿ ಕಲಾವಿದರ ಧೈರ್ಯ ಹೆಚ್ಚು. ಬೊನ್ಸಾಯ್‌ನಲ್ಲಿ ಒಣಕೊಂಬೆಯ ತೊಗಟೆ ಸುಲಿದು ಸುಣ್ಣ-ಗಂಧಕದ ದ್ರಾವಣ ಬಳಿದು ಬೆಳ್ಳಗೆ ಮಾಡುವ ಜಿನ್ ಎಂಬ ಅಲಂಕಾರವಿದೆ. ನಮ್ಮಲ್ಲಿ ಬದುಕಿರುವ ಕಾಂಡಕ್ಕೇ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದು ನಂಬರ್ ಬರೆಯುವ ಪದ್ಧತಿ ಇದೆ. ಕುಂಡದ ಬಗ್ಗೆಯೂ ಶಾಸ್ತ್ರ ಸ್ಪಷ್ಟ: ಬೇರು ಹರಡದಂತೆ ಇಕ್ಕಟ್ಟಾಗಿರಬೇಕು. ಫುಟ್‌ಪಾತಿನ ಟೈಲ್ಸು, ಚರಂಡಿಯ ಕಾಂಕ್ರೀಟು ಸೇರಿ ಬುಡಕ್ಕೆ ಒತ್ತಿಕೊಂಡಾಗ ಅದು ತಾನಾಗಿಯೇ ಈಡೇರುತ್ತದೆ. ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟ್ ಕೀಳಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಹೇಳಿತು. ಆದರೆ ಬೊನ್ಸಾಯ್ ಕುಂಡದ ತಳದಲ್ಲಿ ನೀರಿಳಿಯಲು ತೂತಿರುತ್ತದೆ ಎಂಬ ಸಣ್ಣ ಸಂಗತಿ ಬೀದಿ ಪಂಥದ ಗಮನಕ್ಕೆ ಬಂದಂತಿಲ್ಲ.

ನೆತ್ತಿ ಕತ್ತರಿಸುವುದರ ಫಲವೇನೆಂದು ತಾರಸಿಯವರನ್ನು ಕೇಳಿದರೆ ಹೇಳುತ್ತಾರೆ. ತುದಿಮೊಗ್ಗಿನಲ್ಲಿ ತಯಾರಾಗುವ ಆಕ್ಸಿನ್ ಎಂಬ ರಸ ಕೆಳಗಿನ ಮೊಗ್ಗುಗಳನ್ನು ಅದುಮಿ ಇಟ್ಟಿರುತ್ತದೆ. ತುದಿ ಹೋದೊಡನೆ ಅವೆಲ್ಲ ಎಚ್ಚರಗೊಳ್ಳುತ್ತವೆ. ತಟ್ಟೆಯ ಗಿಡದಲ್ಲಿ ಇದೇ ಬೇಕಾದ್ದು, ಪೊದೆ ತುಂಬುತ್ತದೆ. ಬೀದಿಯ ಮರದಲ್ಲಿ ಕತ್ತರಿಸಿದ ಮೊಂಡು ತುದಿಯಿಂದ ಚಿಗುರುಗಳು ಗುಂಪುಗುಂಪಾಗಿ ನೆಟ್ಟಗೆ ಮೇಲಕ್ಕೇಳುತ್ತವೆ. ಅವುಗಳ ಬುಡ ತೊಗಟೆಗೆ ಅಂಟಿಕೊಂಡಷ್ಟೇ ಗಟ್ಟಿ, ಒಳಮರದಲ್ಲಿ ಬೇರೂರಿದ್ದಲ್ಲ. ಒಂದೆರಡು ಮಳೆಗಾಲದಲ್ಲಿ ತಂತಿಯನ್ನು ಮುಟ್ಟುವುದೂ ಅವೇ, ಗಾಳಿಗೆ ಮುರಿದು ತಂತಿಯ ಮೇಲೆ ಬೀಳುವುದೂ ಅವೇ. ಹೀಗೆ ಒಂದು ವರ್ಷದ ಕತ್ತರಿಕೆ ಮುಂದಿನ ವರ್ಷದ ಕತ್ತರಿಕೆಗೆ ಬೀಜ ಬಿತ್ತುತ್ತದೆ. ಕೊಂಬೆಯನ್ನು ಬುಡದ ಉಬ್ಬಿನವರೆಗೆ ಒಪ್ಪವಾಗಿ ತೆಗೆದು, ಉಳಿದ ಕೊಂಬೆಯನ್ನು ತಂತಿಯಿಂದಾಚೆಗೆ ಬೆಳೆಯಬಿಟ್ಟರೆ ಈ ಚಕ್ರ ನಿಲ್ಲುತ್ತದೆ. ಕಲೆಯೂ ನಿಂತುಹೋಗುವ ಅಪಾಯವಿದೆ.

ನ್ಯಾಯವಾಗಿ ಹೇಳಬೇಕಾದರೆ ಏಣಿ ಹತ್ತಿದವರದೂ ಒಂದು ಮಾತಿದೆ: ‘ಲೈನಿಗೆ ತಾಗ್ತದೆ ಸಾರ್. ಈಗ ಬಿಟ್ರೆ ಮಳೆ ಬಂದು ಕರೆಂಟ್ ಹೋದಾಗ ರಾತ್ರಿ ಫೋನ್ ಮಾಡೋದು ನೀವೇ ಅಲ್ವ.’ ಇದಕ್ಕೆ ಪ್ರತಿವಾದ ಹುಡುಕಲು ಪ್ರಬಂಧ ಯತ್ನಿಸಿಲ್ಲ. ಇಕ್ಕಟ್ಟು ರಸ್ತೆಯಲ್ಲಿ ಲೈನಿನ ನೇರ ಕೆಳಗೇ ದೊಡ್ಡ ಜಾತಿಯ ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು ಹೋದವರು ಏಣಿ ಹತ್ತುವುದಿಲ್ಲ. ಕಾನೂನಂತೂ ಎರಡೂ ಕಡೆ ತೂಕವಾಗಿದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 68ನೆಯ ಕಲಂ ಲೈನಿಗೆ ಅಡ್ಡಬರುವ ಮರ ತೆಗೆಸಲು ದಾರಿ ಕೊಡುತ್ತದೆ; ಲೈನು ಎಳೆಯುವ ಮೊದಲೇ ಮರವಿದ್ದರೆ ಅದರ ಹಕ್ಕುದಾರರಿಗೆ ಪರಿಹಾರವನ್ನೂ ಹೇಳುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮರ ಕಡಿಯುವ ಮುನ್ನ ವೃಕ್ಷಾಧಿಕಾರಿಯ ಅನುಮತಿ ಕೇಳುತ್ತದೆ. ಮರ ಮೊದಲೋ ತಂತಿ ಮೊದಲೋ ಎಂಬ ಪ್ರಶ್ನೆಯ ಕಾಲನಿರ್ಣಯಕ್ಕೆ ಮತ್ತೊಬ್ಬ ಕುಬ್ಜ ಕವಿ ಬೇಕಾದೀತು.

ಶಾಸನಗಳಂತೂ ಬೀದಿ ಪಂಥದಲ್ಲಿ ಹೇರಳ. ‘ಪಿ.ಜಿ. ಖಾಲಿ ಇದೆ’, ‘ಮೂಲವ್ಯಾಧಿಗೆ ಖಚಿತ ಚಿಕಿತ್ಸೆ’, ‘ಸೈಟು ಮಾರಾಟಕ್ಕಿದೆ’ ಎಂಬ ಮೂರು ಮುಖ್ಯ ವರ್ಗಗಳನ್ನು ಯಾವ ಊರಿನ ಸಾಲುಮರದಲ್ಲೂ ಗುರುತಿಸಬಹುದು. ಇವುಗಳ ಓದಿಗೆ ಮರ ಒಂದು ಅನುಕೂಲ ಮಾಡಿಕೊಟ್ಟಿದೆ. ಮರ ಎತ್ತರಕ್ಕೆ ಬೆಳೆಯುವುದು ತುದಿಯಲ್ಲಿ ಮಾತ್ರ, ಕಾಂಡ ಹಿಗ್ಗುವುದು ಅಡ್ಡಕ್ಕೆ. ಎದೆಮಟ್ಟದಲ್ಲಿ ಹೊಡೆದ ಮೊಳೆ ಇಪ್ಪತ್ತು ವರ್ಷದ ಮೇಲೂ ಎದೆಮಟ್ಟದಲ್ಲೇ ಇರುತ್ತದೆ, ಒಳಕ್ಕೆ ಮಾತ್ರ ಹೋಗುತ್ತದೆ. ಮುಂದೆಂದೋ ಗರಗಸದ ಮಿಲ್ಲಿನಲ್ಲಿ ಬ್ಲೇಡು ಹಲ್ಲು ಮುರಿದುಕೊಂಡಾಗ ಆ ಯುಗದ ಶಾಸನ ಸಂಪಾದನೆಯಾಗುತ್ತದೆ.

ಎರಡು ಪಂಥಗಳಿಗೂ ಇಷ್ಟೆಲ್ಲ ಸಾಮ್ಯವಿದ್ದ ಮೇಲೆ ಭೇದವೇನು? ಉಪಕರಣದಲ್ಲಿ ಇಲ್ಲ, ತಂತಿ, ಕತ್ತರಿ, ಇಕ್ಕಟ್ಟು ಕುಂಡ ಎರಡರಲ್ಲೂ ಇವೆ. ಭೇದವಿರುವುದು ತಂತಿ ಬಿಚ್ಚುವ ವಿಧಿಯಲ್ಲಿ. ತಾರಸಿ ಪಂಥದ ಗ್ರಂಥಗಳು ಸುತ್ತುವುದಕ್ಕಿಂತ ಹೆಚ್ಚು ಕಟ್ಟುನಿಟ್ಟಾಗಿರುವುದು ಬಿಚ್ಚುವುದರ ಬಗ್ಗೆ. ಪೈನ್ ಜಾತಿಯವಕ್ಕೆ ತಂತಿ ಒಂದು ವರ್ಷವೋ ಹೆಚ್ಚೋ ಇರಬೇಕಾದೀತು. ಮಲೆನಾಡಿನ ಮಳೆಗಾಲದಲ್ಲಿ ಆಲ, ಅರಳಿ, ಗೋಣಿಯಾದರೆ ಕೆಲವೇ ವಾರ. ಅಷ್ಟರಲ್ಲಿ ಕೊಂಬೆ ಉಬ್ಬಿ ತಂತಿ ತೊಗಟೆಯನ್ನು ಕಚ್ಚಲು ಶುರುವಾಗುತ್ತದೆ. ದಿನವೂ ಬೆರಳಾಡಿಸಿ ನೋಡಿ, ಬಿಗಿಯಾದ ದಿನವೇ ತೆಗೆಯಬೇಕು. ಕೊಂಬೆ ಇನ್ನೂ ಮರಳುವಂತಿದ್ದರೆ ಬೇರೆ ಜಾಗದಲ್ಲಿ ಹೊಸದಾಗಿ ಸುತ್ತಬೇಕು. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಬೊನ್ಸಾಯ್ ತೋಟಕ್ಕೋ ಲಾಲ್‌ಬಾಗಿನ ಪ್ರದರ್ಶನಕ್ಕೋ ಹೋದವರು ಹಳೆಯ ಮರಗಳ ಮೇಲೆ ತಂತಿ ಅಷ್ಟಾಗಿ ಕಾಣುವುದಿಲ್ಲವೆಂದು ಗಮನಿಸಿರಬಹುದು. ಕೆಲಸ ಮುಗಿದಿದೆ, ತಂತಿ ಹೋಗಿದೆ.

ಬೀದಿಯಲ್ಲಿ ತಂತಿ ಬಿಚ್ಚುವ ಇಲಾಖೆ ಇಲ್ಲ. ಕೇಬಲ್ ಟಿ.ವಿ. ಹೋಯಿತು, ಅದರ ವೈರು ಕೊಂಬೆಯಲ್ಲಿದೆ. ಇಂಟರ್ನೆಟ್ಟಿನವರು ಹೆಚ್ಚಾದ ಫೈಬರನ್ನು ಸುರುಳಿ ಸುತ್ತಿ ಕವಲಿಗೆ ನೇತುಹಾಕಿದ್ದಾರೆ. ಚುನಾವಣೆ ಮುಗಿದು ಫ್ಲೆಕ್ಸು ಹರಿದುಹೋಗಿದೆ, ಅದನ್ನು ಬಿಗಿದ ಬೈಂಡಿಂಗ್ ವೈರು ಕಾಂಡದಲ್ಲಿದೆ. ಸಸಿ ಕಾಯಲೆಂದು ಇಟ್ಟ ಟ್ರೀ ಗಾರ್ಡಿನೊಳಗೆ ಸಸಿ ಮರವಾಗಿದೆ, ಕಬ್ಬಿಣದ ಬಳೆ ಅರ್ಧ ತೊಗಟೆಯೊಳಗಿದೆ, ದಾನಿಯ ಹೆಸರಿನ ತಗಡು ಇನ್ನೂ ಹೊರಗಿದೆ. ಬಳೆ ಬಿಗಿದ ಕಡೆ ಎಲೆಯಿಂದ ಬೇರಿಗೆ ಇಳಿಯುವ ಆಹಾರ ತಡೆದು ನಿಲ್ಲುತ್ತದೆ. ಬಳೆಯ ಮೇಲ್ಭಾಗ ಗಂಟಲುಗಡ್ಡೆಯಂತೆ ಊದಿಕೊಳ್ಳುತ್ತದೆ, ಕೆಳಗೆ ಬೇರು ಸೊರಗುತ್ತದೆ. ಒಂದು ದೊಡ್ಡ ಗಾಳಿಗೆ ಮರ ಸರಿಯಾಗಿ ಅಲ್ಲೇ ತುಂಡಾಗುತ್ತದೆ. ಮರುದಿನ ಪತ್ರಿಕೆಯಲ್ಲಿ ಗಾಳಿಮಳೆಯ ಸುದ್ದಿ ಬರುತ್ತದೆ, ಬಳೆಯ ಸುದ್ದಿ ಬರುವುದಿಲ್ಲ.

ಪ್ರಬಂಧದ ಎರಡನೆಯ ಉದ್ದೇಶ ಸಿಕ್ಕಿದ ಜಾಗ ಇದೇ. ನಿಮ್ಮ ಮನೆಯ ಎದುರಿನ ಮರಕ್ಕೆ ಹಳೆಯ ಬೈಂಡಿಂಗ್ ವೈರೋ ಇಕ್ಕಟ್ಟಾದ ಟ್ರೀ ಗಾರ್ಡೋ ಇದ್ದರೆ ಈ ಮಳೆಗಾಲ ಕಳೆಯುವುದರೊಳಗೆ ಕಟಿಂಗ್ ಪ್ಲೇಯರ್ ತಂದು ತೆಗೆಯಿರಿ. ಸುರುಳಿ ಬಿಚ್ಚಲು ಹೋಗಬೇಡಿ, ತೊಗಟೆ ಕಿತ್ತುಬರುತ್ತದೆ. ಅಲ್ಲಲ್ಲಿ ತುಂಡು ಮಾಡಿ ಒಂದೊಂದೇ ಚೂರು ಎತ್ತಿ. ಮರದೊಳಗೆ ಹೂತುಹೋದ ಚೂರನ್ನು ಎಳೆಯಬೇಡಿ. ಎರಡು ಬದಿ ಕತ್ತರಿಸಿ ಬಿಗಿ ಸಡಿಲಿಸಿದರೆ ಸಾಕು. ಗಾರ್ಡು ದಪ್ಪ ಕಬ್ಬಿಣದ್ದಾದರೆ ವೆಲ್ಡಿಂಗ್ ಅಂಗಡಿಯ ಹುಡುಗನ ಬಳಿ ಕಟ್ಟರ್ ಇರುತ್ತದೆ. ಕರೆಂಟಿನ ತಂತಿಗೆ, ಅದಕ್ಕೆ ತಾಗಿದ ಕೊಂಬೆಗೆ ಮಾತ್ರ ಕೈ ಹಾಕಬೇಡಿ. ಅದಕ್ಕೆ 1912 ನಂಬರಿಗೆ ಫೋನ್ ಮಾಡಿ.